ಒಡೆದದ್ದು: ಏನೂ ಇಲ್ಲ

ಜೂನ್ 3, ಸೋಮವಾರ

ಮೊದಲು ಅಕ್ಕಿ ಒಳಗೆ ಹೋಯಿತು, ಆಮೇಲೆ ಉಪ್ಪು, ಆಮೇಲೆ ನಾನು. ಹೊಸ ಮನೆಗೆ ಸಿರಿ ಬರಲಿ ಎಂದು ಹೊಸ್ತಿಲಲ್ಲಿ ನಿಂತು ಒಂದು ಹಿಡಿ ಚಿಲ್ಲರೆಯನ್ನು ಒಳಕ್ಕೆ ಎರಚಿದೆ. ದೊಡ್ಡ ಮನೆಯಾಗಿದ್ದರೆ ನಾಣ್ಯಗಳು ಎಲ್ಲೆಲ್ಲಿಗೋ ಉರುಳಿಹೋಗಿ ಒಂದು ವಾರ ಪೊರಕೆಗೆ ಸಿಗುತ್ತಿದ್ದವು. ಇಲ್ಲಿ ಎದುರು ಗೋಡೆಗೆ ಬಡಿದು ನನ್ನ ಕಾಲ ಬುಡಕ್ಕೇ ಬಂದು ಬಿದ್ದವು. ಅದೂ ಒಳ್ಳೆಯದೇ ಇರಬೇಕು.

ಉದ್ದಕ್ಕೆ ಒಂಬತ್ತು ಹೆಜ್ಜೆ, ಅಡ್ಡಕ್ಕೆ ಐದು. ಮುಂದೆ ಕೂರುವ ಜಾಗ, ಹಿಂದೆ ಅಡುಗೆಕಟ್ಟೆ, ಅದರ ಪಕ್ಕದಲ್ಲಿ ಬಚ್ಚಲು. ಒಂದೇ ಸಾಲಿನಲ್ಲಿ ಇಂಥವು ನಲವತ್ತು ಮನೆ, ಗೋಡೆಗೆ ಗೋಡೆ ಅಂಟಿಕೊಂಡಿವೆ. ಪಕ್ಕದ ಮನೆಯ ಸಾರಿಗೆ ಉಪ್ಪು ಕಡಿಮೆಯಾದರೆ ಇಲ್ಲಿಗೆ ಕೇಳಿಸುತ್ತದೆ. ಅಟ್ಟ ಹಾಕಿಕೊಳ್ಳಲಿ ಎಂದು ಚಾವಣಿಯನ್ನು ಮಾತ್ರ ಎತ್ತರಕ್ಕೆ ಬಿಟ್ಟಿದ್ದಾರೆ. ಇದಕ್ಕಾಗಿ ಹದಿಮೂರು ವರ್ಷ ಅರ್ಜಿ ಹಿಡಿದು ಕಾದಿದ್ದೇನೆ. ಬಾಗಿಲು ತೆರೆದ ಮೇಲೆ ಎಷ್ಟು ನಿರಾಳವಾಯಿತೆಂದರೆ, ಅಲ್ಲೇ ನೆಲದ ಮೇಲೆ ಕೂತು ಎರಡು ಬಾಳೆಹಣ್ಣು ತಿಂದೆ.

ಈ ನೋಟ್‌ಬುಕ್ಕು ದೊಡ್ಡ ಮನೆಯದು. ಮೂವತ್ತೊಂದು ವರ್ಷ ಅಲ್ಲಿ ಕೆಲಸಕ್ಕಿದ್ದೆ. ಏನು ಅಡುಗೆ, ಯಾರು ಬಂದರು, ಏನು ಒಡೆಯಿತು ಎಂದು ದಿನಾ ಸಂಜೆ ಬರೆಯಬೇಕು, ಭಾನುವಾರ ಮೇಡಂ ಓದಿ ಸಹಿ ಹಾಕುತ್ತಿದ್ದರು. ಈಗ ಅವರು ಮನೆ ಮಾರಿ ಸೆಬು ದ್ವೀಪದಲ್ಲಿ ಮಗಳ ಹತ್ತಿರ ಇರಲು ಹೋಗಿದ್ದಾರೆ. ಓದುವವರು ಯಾರೂ ಇಲ್ಲ. ಆದರೂ ಸಂಜೆಯಾದರೆ ಕೈ ಪೆನ್ನು ಹುಡುಕುತ್ತದೆ.

ನನ್ನದು ಎಂದು ತಂದದ್ದು: ಬಟ್ಟೆ ಗಂಟು, ಮಡಿಸುವ ಮಂಚ, ಬಟ್ಟೆ ಒಗೆಯುವಾಗ ಕೂರುವ ಕಾಲುಮಣೆ. ಮೇಡಂ ಕೊಟ್ಟದ್ದು: ಚಿನ್ನದ ಅಂಚಿನ ಪಿಂಗಾಣಿ ತಟ್ಟೆ ಹನ್ನೊಂದು, ನಡುಮನೆಯ ದೊಡ್ಡ ಪರದೆ, ಗೋಡೆಗೆ ಹಾಕುವ ಮರದ ದೈತ್ಯ ಚಮಚ ಮತ್ತು ಫೋರ್ಕು, ಪ್ರಭುವಿನ ಕೊನೆಯ ಭೋಜನದ ಚಿತ್ರ. ಸೋಫಾ ಶನಿವಾರ ಬರುತ್ತದಂತೆ.

ಒಡೆದದ್ದು: ಏನೂ ಇಲ್ಲ.

ಜೂನ್ 8, ಶನಿವಾರ

ಸೋಫಾ ಬಂತು. ಬಾಗಿಲಿಗಿಂತ ಅಗಲ. ನನಗೆ ಇದು ಹೊಳೆಯಬೇಕಿತ್ತು. ಮೂವತ್ತೊಂದು ವರ್ಷ ಅದರ ಕೆತ್ತನೆಯ ಸಂದುಗಳಿಂದ ಹತ್ತಿಬಟ್ಟೆಯಲ್ಲಿ ಧೂಳು ತೆಗೆದವಳು ನಾನು. ಅದರ ಮೈಯಲ್ಲಿ ಎಷ್ಟು ದ್ರಾಕ್ಷಿ ಗೊಂಚಲುಗಳಿವೆ ಎಂದು ಕೇಳಿದರೆ ಹೇಳುತ್ತೇನೆ, ಅಗಲ ಎಷ್ಟು ಎಂದು ಒಮ್ಮೆಯೂ ನೋಡಿರಲಿಲ್ಲ.

ಲಾರಿಯವರು ಬೀದಿಯಲ್ಲಿ ಇಳಿಸಿ ಹೊರಟೇಹೋದರು. ಎಡಗಡೆ ಮನೆಯ ಚಾರಿಂಗ್ ತನ್ನ ಕಿಟಕಿ ಅಂಗಡಿಯಿಂದ ಎಲ್ಲ ನೋಡುತ್ತಿದ್ದಳು. ಸೋಪು, ಶಾಂಪೂ ಪೊಟ್ಟಣ, ಮೊಟ್ಟೆ ಮಾರುವ ಕಿಟಕಿ ಅದು. ಅದರಿಂದ ಅವಳು ಬೀದಿಗೆಲ್ಲ ಸಲಹೆಯನ್ನೂ ಕೊಡುತ್ತಾಳೆ, ಅದಕ್ಕೆ ಮಾತ್ರ ದುಡ್ಡಿಲ್ಲ.

"ಕಿಟಕಿ ಸರಳು ಬಿಚ್ಚಿಸ್ರೀ ತೇಯಾ. ಬಾಗಿಲಲ್ಲಿ ಅದು ಈ ಜನ್ಮದಲ್ಲಿ ಹೋಗಲ್ಲ."

ಆರು ಜನ ಗಂಡಸರು, ಒಂದು ಹಗ್ಗ, ಅರ್ಧ ದಿನ. ಕಿಟಕಿಯಿಂದ ಒಳಗೆ ತೂರಿಸಿದರು. ಮುಂದಿನ ಜಾಗ ಪೂರ್ತಿ ಸೋಫಾವೇ ಆಯಿತು. ಕಾಲಿಡಲು ಒಂದು ಓಣಿ ಉಳಿದಿದೆ.

"ಸೋಫಾಗೆ ಒಳ್ಳೆ ಮನೆ ಸಿಕ್ತು" ಎಂದಳು ಚಾರಿಂಗ್. "ನೀವೆಲ್ಲಿರ್ತೀರಿ?"

ಎಲ್ಲರೂ ನಕ್ಕರು. ನಾನೂ ನಕ್ಕೆ. ಗಂಡಸರಿಗೆ ನೂಡಲ್ಸ್ ಮಾಡಿ ಬಡಿಸಿದೆ. ಕೂರಲು ಹೋದವರನ್ನು ಅಂಗಳಕ್ಕೆ ಕಳಿಸಿದೆ, ಸೋಫಾದ ಮೇಲೆ ಪ್ಲಾಸ್ಟಿಕ್ ಹೊದಿಕೆ ಇದ್ದರೂ ಬೆವರು ಬೆವರೇ. ಹೊದಿಕೆ ಹಾಗೇ ಇರಲಿ. ಜೊನಾ ಬಂದಾಗ ತೆಗೆದರಾಯಿತು.

ಜೊನಾ ನನ್ನ ಮಗಳು, ಜೊನಾಲಿನ್. ಇದನ್ನು ಯಾರಿಗೆ ತಿಳಿಸುತ್ತಿದ್ದೇನೋ. ಮೇಡಂಗೆ ಬರೆಯುತ್ತಿದ್ದ ಪುಸ್ತಕದಲ್ಲಿ ಅವಳ ಹೆಸರು ಒಮ್ಮೆಯೂ ಬಂದಿರಲಿಲ್ಲ, ಅದಕ್ಕೇ ಈಗ ಬರೆಯಬೇಕೆನ್ನಿಸಿತು. ಇಪ್ಪತ್ತೇಳು ವರ್ಷ. ಅವಳು ಹುಟ್ಟಿದ ವರ್ಷವೇ ಅವಳಪ್ಪ ತೀರಿಕೊಂಡರು. ಹತ್ತು ತಿಂಗಳ ಮಗುವನ್ನು ನಮ್ಮೂರು ಸಾಮಾರ್‌ನಲ್ಲಿ ನನ್ನಮ್ಮನ ಕೈಗೆ ಕೊಟ್ಟು ದೊಡ್ಡ ಮನೆಗೆ ವಾಪಸ್ಸು ಹೋದೆ. ವರ್ಷಕ್ಕೆ ಎರಡು ವಾರ ನೋಡುತ್ತಿದ್ದೆ. ಈಗ ಇಲ್ಲಿಂದ ಜೀಪಿನಲ್ಲಿ ಒಂದು ಗಂಟೆ ದೂರದಲ್ಲಿ, ವೈರ್ ಜೋಡಿಸುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಾಳೆ. ಆರು ಹುಡುಗಿಯರು ಒಂದು ಕೋಣೆಯಲ್ಲಿದ್ದಾರೆ. ಆ ಕಟ್ಟಡವನ್ನು ಆಗಸ್ಟ್ ಕೊನೆಗೆ ಖಾಲಿ ಮಾಡಿಸುತ್ತಾರಂತೆ. ಅವಳು ಇಲ್ಲಿಗೆ ಬರಬೇಕು. ನನಗೆ ಬೇಕಾದದ್ದು ಇದೊಂದೇ. ಕೇಳಿದರೆ "ನೋಡೋಣ" ಎನ್ನುತ್ತಾಳೆ.

ಒಡೆದದ್ದು: ಕಿಟಕಿಯ ಒಂದು ಸ್ಕ್ರೂ.

ಜೂನ್ 14, ಶುಕ್ರವಾರ

ಬಣ್ಣದ ಅಂಗಡಿಯವಳು "ನಿಮಗೆ ಯಾವ ಬಣ್ಣ ಇಷ್ಟ?" ಎಂದು ಕೇಳಿದಳು. ನಾನು ಹಿಂದೆ ತಿರುಗಿ ನೋಡಿದೆ. ಏಕೆ ನೋಡಿದೆನೋ.

"ಕೆನೆ ಬಣ್ಣ" ಎಂದೆ ಕೊನೆಗೆ. ಮೇಡಂಗೆ ಅದು ಇಷ್ಟ. ಕೊಳೆ ಬೇಗ ಕಾಣಿಸುತ್ತದೆ, ನಿಜ. ಆದರೆ ಗಂಭೀರವಾಗಿರುತ್ತದೆ. ಒಬ್ಬಳೇ ಎರಡು ದಿನದಲ್ಲಿ ಬಳಿದು ಮುಗಿಸಿದೆ. ಸೋಫಾಗೆ ಒಂದು ಹನಿಯೂ ಬೀಳಲಿಲ್ಲ.

ಒಡೆದದ್ದು: ಏನೂ ಇಲ್ಲ.

ಜೂನ್ 20, ಗುರುವಾರ

ಇಂದು ಬಡಗಿ ಕುಲಾಸನೊಡನೆ ಜಗಳವಾಯಿತು. ಅರವತ್ತರ ಮನುಷ್ಯ, ಕೈ ಒಳ್ಳೆಯದು, ಕಿವಿ ಇಲ್ಲ. ಜೊನಾಗೆಂದು ಅಟ್ಟ ಹಾಕಿಸಿದೆ. ಹಾಸಿಗೆ ಹಿಡಿಸುವಷ್ಟು ಜಾಗ, ಒಂದು ಪುಟ್ಟ ಕಿಟಕಿ, ಹಲಗೆಗಳೆಲ್ಲ ನುಣುಪು. ಅದರವರೆಗೆ ಎಲ್ಲ ಚೆನ್ನಾಗಿತ್ತು. ಆಮೇಲೆ ಏಣಿ ತಂದು ನಿಲ್ಲಿಸಿದ. ನಮ್ಮ ಶಾಸ್ತ್ರದಂತೆ ನಾನು ಕೆಳಗಿನಿಂದ ಎಣಿಸಿದೆ, ಕೊನೆಯ ಮೆಟ್ಟಿಲಿಗೆ ಯಾವ ಮಾತು ಬೀಳುತ್ತದೋ ಮನೆಗೆ ಅದೇ ಗತಿ. ಚಿನ್ನ, ಬೆಳ್ಳಿ, ಸಾವು. ಚಿನ್ನ, ಬೆಳ್ಳಿ, ಸಾವು. ಚಿನ್ನ, ಬೆಳ್ಳಿ, ಸಾವು. ಒಂಬತ್ತು.

"ಇದೇನು ಕುಲಾಸ್, ಕೊನೇ ಮೆಟ್ಟಿಲು ಸಾವಿನ ಮೇಲೆ ನಿಂತಿದೆಯಲ್ಲ."

"ಇದು ಏಣಿ ಅಕ್ಕ, ಮೆಟ್ಟಿಲಲ್ಲ. ಏಣಿಗೆ ಆ ಶಾಸ್ತ್ರ ಇಲ್ಲ."

"ಸಾವು ಬಂದು, ಇದು ಏಣಿನಾ ಮೆಟ್ಟಿಲಾ ಅಂತ ವಿಚಾರಿಸುತ್ತಾ? ನನ್ನ ಮಗಳು ಮಲಗೋ ಜಾಗ ಅದು."

"ಎಂಟು ಮಾಡಿದ್ರೆ ಕಾಲು ನಿಲುಕಲ್ಲ. ಹತ್ತು ಮಾಡಕ್ಕೆ ಮರ ಉಳಿದಿಲ್ಲ. ನಾಳೆ ತಂದು ಕೆಳಗೊಂದು ಸೇರಿಸ್ತೀನಿ ಬಿಡಿ."

ಅವನು ಹೋದ ಮೇಲೆ ಏಣಿಯ ಬುಡಕ್ಕೆ ಒಂದು ಇಟ್ಟಿಗೆ ಇಟ್ಟು ನೋಡಿದೆ, ಅಲುಗಾಡಿತು. ಅಕ್ಕಿಯ ಪೆಟ್ಟಿಗೆ ಇಟ್ಟೆ, ಎತ್ತರ ಸರಿಯಾಗಿತ್ತು. ಕಿಟಕಿಯಿಂದ ಚಾರಿಂಗ್ ಕೂಗಿದಳು, "ಅಕ್ಕಿ ತುಳ್ಕೊಂಡು ಹತ್ತುಸ್ತೀರಾ ಮಗಳನ್ನ? ಅದಕ್ಕಿಂತ ಆ ಸಾವೇ ವಾಸಿ." ಅವಳಿಗೆ ನನ್ನ ಮನೆಯೊಳಗೆ ಇಷ್ಟು ಕಾಣುವುದು ಹೇಗೋ. ಪರದೆ ಹೊಲಿಯಬೇಕು.

ಒಡೆದದ್ದು: ಏನೂ ಇಲ್ಲ. ಇಟ್ಟಿಗೆಯ ಮೂಲೆ, ಅದು ಲೆಕ್ಕವಿಲ್ಲ.

ಜೂನ್ 24, ಸೋಮವಾರ

ಕುಲಾಸನ ಪತ್ತೆಯಿಲ್ಲ. ಪಕ್ಕದ ಊರಿನಲ್ಲಿ ದೊಡ್ಡ ಕೆಲಸ ಸಿಕ್ಕಿದೆಯಂತೆ.

ಒಡೆದದ್ದು: ಏನೂ ಇಲ್ಲ.

ಜುಲೈ 2, ಮಂಗಳವಾರ

ಮಳೆ. ನಡುಮನೆಯ ಪರದೆಯನ್ನು ಮೂರು ತುಂಡು ಮಾಡಿದೆ. ಒಂದು ಬೀದಿ ಕಿಟಕಿಗೆ, ಒಂದು ಅಟ್ಟಕ್ಕೆ, ಒಂದು ಅಡುಗೆಕಟ್ಟೆಯ ಪಕ್ಕಕ್ಕೆ. ಅಷ್ಟು ದೊಡ್ಡ ಬಟ್ಟೆಗೆ ಕತ್ತರಿ ಹಾಕುವಾಗ ಮೇಡಂ ಇದ್ದರೆ ಏನೆನ್ನುತ್ತಿದ್ದರೋ ಎಂದು ಕೈ ತಡೆಯಿತು.

ಈಗ ಮನೆ ಮನೆಯ ಹಾಗೆ ಕಾಣುತ್ತಿದೆ. ಸೋಫಾದ ಪಕ್ಕದ ಓಣಿಗೆ ಸಂತೆಯಿಂದ ಪುಟ್ಟ ಊಟದ ಮೇಜು, ಒಂದು ಕುರ್ಚಿ ತಂದೆ. ಮೇಜಿನ ಮೇಲುಗಡೆ ಕೊನೆಯ ಭೋಜನ, ಅದರ ಎಡಬಲಕ್ಕೆ ಚಮಚ, ಫೋರ್ಕು. ಗೋಡೆ ಚಿಕ್ಕದಾದ್ದರಿಂದ ಫೋರ್ಕು ನೇರವಾಗಿ ಚಿತ್ರದಲ್ಲಿರುವ ದ್ರೋಹಿ ಯೂದನ ಕಡೆಗೆ ತಿರುಗಿಕೊಂಡಿದೆ, ಇರಲಿ. ಅಟ್ಟದಲ್ಲಿ ಹೊಸ ಹಾಸಿಗೆ, ಫ್ಯಾನು, ಕನ್ನಡಿ. ಹಾಸಿಗೆಯನ್ನು ಚಾರಿಂಗ್‌ಳ ಗಂಡ ಹತ್ತಿಸಿಕೊಟ್ಟ. ಒಂಬತ್ತನೆಯ ಮೆಟ್ಟಿಲನ್ನು ತುಳಿಯಬೇಡ, ದಾಟು ಎಂದು ಹೇಳಿದ್ದೆ.

ನನ್ನ ಮಂಚವನ್ನು ಅಡುಗೆಕಟ್ಟೆಗೂ ಬಚ್ಚಲಿಗೂ ನಡುವಿನ ಸಂದಿಯಲ್ಲಿ ಹಾಕಿಕೊಂಡೆ. ಅಳತೆ ತೆಗೆದು ಮಾಡಿದ ಹಾಗೆ ಕೂತಿತು. ಮುಂದೆ ಪರದೆ ಎಳೆದರೆ ಯಾರಿಗೂ ಕಾಣುವುದಿಲ್ಲ. ಮಲಗಿದಲ್ಲಿಂದಲೇ ಕೈ ಚಾಚಿದರೆ ಒಲೆ, ಬೆಳಿಗ್ಗೆ ನಾಲ್ಕೂವರೆಗೆ ಸದ್ದಿಲ್ಲದೆ ಕಾಫಿಗೆ ನೀರಿಡಬಹುದು. ದೊಡ್ಡ ಮನೆಯಲ್ಲೂ ನನ್ನ ಜಾಗ ಹೀಗೇ ಇತ್ತು. ಮಧ್ಯಾಹ್ನ ಮಲಗಿದ ಕೂಡಲೇ ನಿದ್ದೆ ಬಂತು.

ಒಡೆದದ್ದು: ಏನೂ ಇಲ್ಲ.

ಜುಲೈ 14, ಭಾನುವಾರ

ಜೊನಾ ಬಂದು ಹೋದಳು.

ನಾಲ್ಕು ದಿನದಿಂದ ತಯಾರಿ ಮಾಡಿದ್ದೆ. ವಿನಿಗರ್ ಹಾಕಿ ಬೇಯಿಸಿದ ಕೋಳಿ, ಹುಣಸೆ ಹುಳಿಯ ಸೀಗಡಿ ಸಾರು, ಕೆಸುವಿನ ಸೊಪ್ಪು. ಚಿನ್ನದ ಅಂಚಿನ ತಟ್ಟೆ ಒಂದನ್ನು ಹೊರಗೆ ತೆಗೆದೆ. ಅವಳು ಬಾಗಿಲಲ್ಲೇ ಚಪ್ಪಲಿ ಬಿಟ್ಟು ನನ್ನ ಕೈಯನ್ನು ಹಣೆಗೊತ್ತಿಕೊಂಡಳು. ತೆಳ್ಳಗಾಗಿದ್ದಾಳೆ. ಸೋಫಾ ನೋಡಿ "ಅಯ್ಯೋ, ಇದನ್ನೂ ಕರ್ಕೊಂಡು ಬಂದ್ಯಾ?" ಎಂದು ನಕ್ಕಳು. ಏಳು ವರ್ಷದವಳಿದ್ದಾಗ ದೊಡ್ಡ ಮನೆಗೆ ಒಮ್ಮೆ ಬಂದಿದ್ದಳು, ಅದರ ಮೇಲೆ ಕೂರಬೇಡ ಎಂದಿದ್ದೆ. ಮರೆತಿರುತ್ತಾಳೆ ಎಂದುಕೊಂಡಿದ್ದೆ.

"ನೀನೂ ಕೂತ್ಕೋಮ್ಮ" ಎಂದಳು.

"ನೀನು ತಿನ್ನು. ನಂದು ಆಮೇಲೆ."

ಬಿಸಿಬಿಸಿ ಬಡಿಸಬೇಕಲ್ಲ. ಪಕ್ಕದಲ್ಲಿ ನಿಂತು ಬಡಿಸಿದೆ. ಅನ್ನ ಮುಗಿಯುವ ಮೊದಲೇ ಅನ್ನ, ಸಾರು ಮುಗಿಯುವ ಮೊದಲೇ ಸಾರು. ನನಗೆ ಅದು ಚೆನ್ನಾಗಿ ಬರುತ್ತದೆ. ಅವಳು ತಲೆ ಬಗ್ಗಿಸಿ ಉಂಡಳು. ಆಮೇಲೆ ನಾನು ಬೇಡವೆಂದರೂ ಕೇಳದೆ ತನ್ನ ತಟ್ಟೆ ತಾನೇ ತೊಳೆದಿಟ್ಟಳು. ಅಟ್ಟ ಹತ್ತಿ ನೋಡಿ, "ಚೆನ್ನಾಗಿದೆ" ಎಂದಳು. ಮೆಟ್ಟಿಲ ವಿಷಯ ಹೇಳಿದೆ, ಕುಲಾಸ್ ಬರುತ್ತಾನೆ, ಹೆದರಬೇಡ ಎಂದೆ.

"ನೀನೆಲ್ಲಿ ಮಲಗ್ತೀಯ?"

ಪರದೆ ಸರಿಸಿ ತೋರಿಸಿದೆ. ಎಲ್ಲ ಕೈಗೆಟುಕುತ್ತದೆ, ನಿನಗೆ ಒಂದಿಷ್ಟೂ ಅಡ್ಡಿಯಾಗುವುದಿಲ್ಲ ಎಂದೆ. ಅವಳು ಮಂಚವನ್ನು ನೋಡಿದಳು, ಒಲೆ ನೋಡಿದಳು, ನನ್ನನ್ನು ನೋಡಿದಳು. ಸಂಜೆ ಶಿಫ್ಟ್ ಇದೆ ಎಂದು ಬೇಗ ಹೊರಟಳು. ಭಾನುವಾರ ಅವಳಿಗೆ ಶಿಫ್ಟ್ ಇರುವುದಿಲ್ಲ ಎಂದು ಈಗ ನೆನಪಾಗುತ್ತಿದೆ.

ಒಡೆದದ್ದು: ಏನೂ ಇಲ್ಲ.

ಜುಲೈ 17, ಬುಧವಾರ

ಜೊನಾ ಮೆಸೇಜ್ ಮಾಡಿದ್ದಾಳೆ. ಗೆಳತಿಯರು ಸೇರಿ ಕಾರ್ಖಾನೆಯ ಹತ್ತಿರವೇ ಒಂದು ಮನೆ ನೋಡುತ್ತಿದ್ದಾರಂತೆ. "ಯೋಚನೆ ಮಾಡ್ತೀನಮ್ಮ. ಬೇಜಾರು ಮಾಡ್ಕೋಬೇಡ."

ಒಡೆದದ್ದು: ಏನೂ ಇಲ್ಲ.

ಜುಲೈ 18

ಮಳೆ. ಒಣಮೀನು, ಅನ್ನ.

ಜುಲೈ 27, ಶನಿವಾರ

ಬೇಜಾರು ಮಾಡಿಕೊಂಡೆ. ಹತ್ತು ದಿನ ಮಾಡಿಕೊಂಡೆ. ಸಾಕು.

ಎಲ್ಲೋ ಏನೋ ಹಿಡಿಸಿಲ್ಲ ಅವಳಿಗೆ. ಈಗಿನ ಹುಡುಗಿ, ನಾನು ಮುದುಕಿಯ ಹಾಗೆ ಸಿಂಗರಿಸಿದ್ದೇನೆ. ಚಮಚ, ಫೋರ್ಕು ಇಳಿಸಿದೆ. ಅಟ್ಟದ ಕಂದು ಪರದೆ ತೆಗೆದು ಗುಲಾಬಿ ಹೂವಿನದು ಹಾಕಿದೆ. ಸಂತೆಯಿಂದ ಒಂದು ಪ್ಲಾಸ್ಟಿಕ್ ಬಳ್ಳಿ, ಬೆಕ್ಕಿನ ಆಕಾರದ ದೀಪ ತಂದೆ. ಬೆಕ್ಕಿನ ಹೊಟ್ಟೆ ಉರಿಯುತ್ತದೆ. ನನಗೇ ಹೆದರಿಕೆಯಾಯಿತು.

ಚಾರಿಂಗ್ ಬಂದು ನೋಡಿದಳು. "ಏನ್ರೀ ಇದು, ಬ್ಯೂಟಿ ಪಾರ್ಲರ್ ಇಡ್ತೀರಾ?"

"ಮಗಳಿಗೆ ಹಿಡಿಸ್ಲಿ ಅಂತ."

"ಅವಳಿಗೆ ಏನು ಹಿಡಿಸಲಿಲ್ಲ ಅಂತ ಅವಳನ್ನೇ ಕೇಳಿದ್ರಾ?"

ಕೇಳಿಲ್ಲ. ಕೇಳುವ ರೂಢಿ ಇಲ್ಲ ನನಗೆ. ಮುಖ ನೋಡಿ ತಿಳಿದುಕೊಳ್ಳುವುದೇ ನನ್ನ ಕೆಲಸವಾಗಿತ್ತು, ಅದರಲ್ಲಿ ನಾನು ಜಾಣೆ ಎಂದು ಮೇಡಂ ಹತ್ತು ಜನರ ಎದುರು ಹೇಳುತ್ತಿದ್ದರು. ಸ್ವಂತ ಮಗಳ ಮುಖ ಮಾತ್ರ ಓದಲಾಗುತ್ತಿಲ್ಲ. ವರ್ಷಕ್ಕೆ ಎರಡು ವಾರದಲ್ಲಿ ಎಷ್ಟು ಕಲಿಯಲಾದೀತು. ಇದನ್ನು ಬರೆದು ಸ್ವಲ್ಪ ಅತ್ತೆ.

ಚಮಚ, ಫೋರ್ಕು ಮತ್ತೆ ಹಾಕಿದೆ. ಮೊಳೆಯ ತೂತು ಬರಿದೇ ಕಾಣುತ್ತಿತ್ತು.

ಒಡೆದದ್ದು: ಏನೂ ಇಲ್ಲ.

ಆಗಸ್ಟ್ 12, ಸೋಮವಾರ

ಇಂದು ಹಬ್ಬದ ರಜೆ. ನನಗೆ ನೆನಪಿರಲಿಲ್ಲ. ಮಧ್ಯಾಹ್ನ ಪರದೆಯ ಹಿಂದೆ ಮಲಗಿದ್ದೆ, ಬಾಗಿಲು ಬಡಿದರು.

"ಬಂದೆ ಮೇಡಂ" ಎಂದು ಎದ್ದೆ.

ಬಾಗಿಲು ತೆರೆದರೆ ಜೊನಾ, ಕೊಡೆಯಿಂದ ನೀರು ಸುರಿಯುತ್ತಿತ್ತು. ಅವಳಿಗೆ ಕೇಳಿಸಿತ್ತು. ನಗುತ್ತಾಳೆಂದುಕೊಂಡೆ, ನಗಲಿಲ್ಲ. ಒಳಗೆ ಬಂದು ಬೆಕ್ಕಿನ ದೀಪವನ್ನು ನೋಡಿದಳು, ಅದಕ್ಕೂ ನಗಲಿಲ್ಲ. ಕಾಫಿ ಕೊಟ್ಟು ನನ್ನ ಕಾಲುಮಣೆ ಎಳೆದುಕೊಂಡು ಒಲೆಯ ಪಕ್ಕ ಕೂತೆ.

"ಅಮ್ಮ, ಸೋಫಾ ಮೇಲೆ ಯಾಕೆ ಕೂರಲ್ಲ ನೀನು?"

"ಹಾಳಾಗುತ್ತಲ್ಲೇ."

"ಯಾರಿಗೋಸ್ಕರ ಕಾಪಾಡ್ತಿದ್ದೀಯ ಅದನ್ನ?"

"ನಿನಗೇ ಕಣೇ. ಇನ್ಯಾರಿಗೆ?"

ಅವಳು ಕಾಫಿ ಕೆಳಗಿಟ್ಟಳು. ಆಮೇಲೆ ಹೇಳಿದ್ದನ್ನು ಅವಳ ಮಾತಿನಲ್ಲೇ ಬರೆಯುತ್ತೇನೆ, ಇಡೀ ದಿನ ತಲೆಯಲ್ಲಿ ಅದೇ ತಿರುಗುತ್ತಿದೆ.

"ಇಷ್ಟು ಪುಟ್ಟ ಮನೇಲೂ ಒಂದು ಕೆಲಸದವಳ ಕೋಣೆ ಮಾಡಿಟ್ಟಿದ್ದೀಯಲ್ಲಮ್ಮ. ನಾನಿಲ್ಲಿಗೆ ಬಂದ್ರೆ ಏನಾಗುತ್ತೆ ಗೊತ್ತಾ? ಮೇಲೆ ನಾನು ಮೇಡಂ, ಪರದೆ ಹಿಂದೆ ನೀನು ಕೆಲಸದವಳು. ಅಜ್ಜಿ ದಿನಾ ಅನ್ನೋರು, ನಿಮ್ಮಮ್ಮ ಬೇರೆಯವರ ಮಕ್ಕಳಿಗೆ ಅನ್ನ ಬಡಿಸ್ತಿದ್ದಾಳೆ, ನಿಂಗೋಸ್ಕರ ಅಂತ. ನಾನು ಅಂದ್ಕೋತಿದ್ದದ್ದು ಒಂದೇ. ಯಾವತ್ತಾದ್ರೂ ಅಮ್ಮ ನನ್ನ ಎದುರಿಗೆ ಕೂತು ಊಟ ಮಾಡ್ತಾಳೆ ಅಂತ. ಅವತ್ತು ನೀನು ನಿಂತ್ಕೊಂಡು ಬಡಿಸಿದೆ. ಜೀಪಲ್ಲಿ ಅತ್ಕೊಂಡು ಹೋದೆ ನಾನು."

ಕೈಯಲ್ಲಿದ್ದ ಬಟ್ಟೆಯಿಂದ ಒಲೆ ಒರೆಸಿದೆ. ಅದು ಒರೆಸಿಯೇ ಇತ್ತು.

ಅವಳು ಏಣಿಯ ಕಡೆ ನೋಡಿದಳು. "ಆ ಕುಲಾಸ್ ಬಂದ್ನಾ?"

"ಎಲ್ಲಿ ಬರ್ತಾನೆ. ಇನ್ನೂ ಒಂಬತ್ತೇ."

"ಏಳಮ್ಮ."

"ಯಾಕೆ?"

"ಮಣೆಯಿಂದ ಏಳು ಅಂದೆ."

ಎದ್ದೆ. ಅವಳು ಮಣೆಯನ್ನು ಎತ್ತಿ ಏಣಿಯ ಬುಡಕ್ಕೆ ಇಟ್ಟಳು. ಚಾರಿಂಗ್‌ಳ ಕಿಟಕಿಗೆ ಹೋಗಿ ಸುತ್ತಿಗೆ, ನಾಲ್ಕು ಮೊಳೆ ಇಸಿದುಕೊಂಡು ಬಂದಳು. ಅದು ನನ್ನ ಮಣೆ, ಇಪ್ಪತ್ತು ವರ್ಷದ್ದು, ನನ್ನ ಸೊಂಟಕ್ಕೆ ಒಗ್ಗಿದ್ದು, ಬಟ್ಟೆ ಒಗೆಯುವುದು ಹೇಗೆ ಎಂದೆಲ್ಲ ಹೇಳಿದೆ. ಅವಳ ಬಾಯಲ್ಲಿ ಮೊಳೆಗಳಿದ್ದವು. ಹೊಡೆದು ಮುಗಿಸಿ ಮೇಲೆ ನಿಂತು ಕುಣಿದು ನೋಡಿದಳು. ಅಲುಗಲಿಲ್ಲ.

"ಈಗ ಎಣಿಸು."

ಎಣಿಸಿದೆ. ಹತ್ತು. ಚಿನ್ನ.

"ಈಗ ಎಲ್ಲಿ ಕೂರ್ತೀಯ?"

ಮನೆಯಲ್ಲಿ ಕೂರಲು ಉಳಿದಿದ್ದದ್ದು ಒಂದೇ. ಮೇಜಿಗೆ ಕುರ್ಚಿಯೂ ಒಂದೇ ಇತ್ತು, ಅದರ ಮೇಲೆ ಅವಳ ಒದ್ದೆ ಚೀಲ. ಸೋಫಾದ ತುದಿಯಲ್ಲಿ ಕೂತೆ. ಪ್ಲಾಸ್ಟಿಕ್ಕು ಪರಪರ ಎಂದಿತು. ಜೊನಾ ಅಡುಗೆ ಚಾಕು ತಂದು ಹೊದಿಕೆಯನ್ನು ಈ ತುದಿಯಿಂದ ಆ ತುದಿಗೆ ಸೀಳಿದಳು. ನಾನು ಕಣ್ಣು ಮುಚ್ಚಿಕೊಂಡೆ.

"ಬರೋದು ಬಿಡೋದು ಇನ್ನೂ ಹೇಳಿಲ್ಲ ನಾನು" ಎಂದು ಹೊರಡುವಾಗ ಹೇಳಿದಳು. "ಆ ಬೆಕ್ಕನ್ನ ಮಾತ್ರ ತೆಗೆದುಬಿಡು."

ಆಗಸ್ಟ್ 13, ಮಂಗಳವಾರ

ಬೆಳಗಿನಿಂದ ಕೋಪ. ಪ್ಲಾಸ್ಟಿಕ್ಕು ಹೊಸದರ ಥರವೇ ಇತ್ತು. ಕೆಲಸದವಳ ಕೋಣೆಯಂತೆ. ಅವಳಿಗೇನು ಗೊತ್ತು ಎಲ್ಲ ಕೈಗೆಟುಕುವ ಸುಖ. ಬಟ್ಟೆ ಒಗೆಯಲು ಕೂರಲು ಏನೂ ಇಲ್ಲದೆ ಬಕೆಟ್ ಬೋರಲು ಹಾಕಿ ಕೂತೆ, ಅದು ಸೀಳಿತು. ಮಿಕ್ಕ ಬಟ್ಟೆಯನ್ನು ನಿಂತೇ ಒಗೆದೆ.

ಬೆಕ್ಕನ್ನು ಚಾರಿಂಗ್‌ಗೆ ಕೊಟ್ಟೆ. ಅವಳಿಗೆ ತುಂಬ ಹಿಡಿಸಿತು.

ಆಗಸ್ಟ್ 19, ಸೋಮವಾರ

ಅಡುಗೆಕಟ್ಟೆಯ ಮೇಲಿನ ತಗಡು ಸೋರುತ್ತಿದೆ. ಸರಿಯಾಗಿ ನನ್ನ ಮಂಚದಲ್ಲಿ ಕಾಲು ಚಾಚುವ ಕಡೆ ತೊಟ್ಟಿಕ್ಕುತ್ತದೆ. ಬೇರೆ ದಾರಿ ಇಲ್ಲದೆ ಸೋಫಾದ ಮೇಲೆ ಮಲಗಿದೆ. ಅದೇನು ಉದ್ದ, ಕಾಲು ಪೂರ್ತಿ ಚಾಚಬಹುದು. ದ್ರಾಕ್ಷಿ ಗೊಂಚಲಿನ ಮೇಲೆ ಕೈಯಿಟ್ಟರೆ ತಂಪು. ಎದ್ದಾಗ ಏಳು ಗಂಟೆ. ಏಳು ಗಂಟೆಗೆ ಏಳುವುದು ಎಂದರೇನು. ಮಳೆಯಿಂದ ಕತ್ತಲಾಗಿತ್ತು, ಅದಕ್ಕೇ.

ಆಗಸ್ಟ್ 24, ಶನಿವಾರ

ಸೋರುವ ಜಾಗಕ್ಕೆ ಚಾರಿಂಗ್‌ಳ ಗಂಡ ಟಾರು ಮೆತ್ತಿದ. ಮಂಚ ಒದ್ದೆಯಾಗಿತ್ತು, ಒಣಗಲಿ ಎಂದು ಮಡಿಸಿ ಹೊರಗಿಟ್ಟೆ. ಆ ಸಂದಿ ಖಾಲಿಯಾದರೆ ಎಷ್ಟು ಗಾಳಿ ಬರುತ್ತದೆ ಅಡುಗೆಮನೆಗೆ. ಪರದೆಯನ್ನೂ ಒಗೆಯಲು ಹಾಕಿದೆ. ಮೇಜನ್ನು ಸೋಫಾ ಕಡೆಯಿಂದ ಆ ಸಂದಿಗೆ ಎಳೆದು ನೋಡಿದೆ, ಸರಿಯಾಗಿ ಕೂತಿತು. ಎರಡು ಕುರ್ಚಿ ಹಿಡಿಸುತ್ತವೆ. ಎರಡನೆಯದನ್ನು ಸಂತೆಯಲ್ಲಿ ಆರಿಸಿದೆ. ಯಾವುದು ಗಟ್ಟಿ ಎಂದು ಕೂತು ಕೂತು ನೋಡಿದೆ, ಅಂಗಡಿಯವನು ಗೊಣಗಿದ. ಗೊಣಗಲಿ.

ಆಗಸ್ಟ್ 27, ಮಂಗಳವಾರ

ನಲವತ್ತು ಬಾಗಿಲೂ ಒಂದೇ ಬೂದು. ನಿನ್ನೆ ಯಾರೋ ಗಂಡಸು, ಕುಡಿದವನಲ್ಲ ಪಾಪ, ತನ್ನ ಮನೆಯೆಂದು ನನ್ನ ಬೀಗ ತಿರುಗಿಸುತ್ತಿದ್ದ. ಬಣ್ಣದ ಅಂಗಡಿಗೆ ಹೋದೆ. ಅವಳು ಕೇಳಿ ಮುಗಿಸುವ ಮೊದಲೇ "ಹಳದಿ" ಎಂದೆ. ಕಳಿತ ಮಾವಿನ ಹಣ್ಣಿನದು. ಬಾಗಿಲಿಗೆ ಬಳಿದು ಉಳಿದದ್ದನ್ನು ಏಣಿಯ ಕೊನೆಯ ಮೆಟ್ಟಿಲಿಗೂ ಬಳಿದೆ. ಮೇಡಂ ನೋಡಿದ್ದರೆ ತಲೆನೋವು ಎನ್ನುತ್ತಿದ್ದರು. ನೋಡುವುದಿಲ್ಲವಲ್ಲ.

ಜೊನಾಗೆ ಫೋಟೋ ಕಳಿಸಿದೆ. ಕೆಳಗೆ ಬರೆದೆ, "ನಿನಗೆ ಏನು ಬೇಕು ಅಂತ ನಾನು ಕೇಳಲೇ ಇಲ್ಲ. ಏನು ಬೇಕು?" ಕಳಿಸುವ ಮೊದಲು ಮೂರು ಸಲ ಅಳಿಸಿದ್ದೆ.

ಅರ್ಧ ಗಂಟೆಯ ಮೇಲೆ ಉತ್ತರ ಬಂತು. "ಎರಡು ತಟ್ಟೆ."

ಆಗಸ್ಟ್ 31, ಶನಿವಾರ

ಬಂದಳು. ಎರಡು ಚೀಲ, ಒಂದು ಹಳೆಯ ರೈಸ್ ಕುಕ್ಕರ್, ಅಜ್ಜಿಯ ಫೋಟೋ. ಹೊಸ್ತಿಲಲ್ಲಿ ನಿಂತು, "ಅಕ್ಕಿ ಉಪ್ಪು ತರ್ಬೇಕಿತ್ತಾ?" ಎಂದಳು. ಅದು ಆಗಲೇ ಇದೆ, ನೀನು ಬಾ ಎಂದೆ. ಆದರೂ ಕೈಚೀಲದಿಂದ ಒಂದು ಪೊಟ್ಟಣ ಉಪ್ಪು ತೆಗೆದಳು, ದಾರಿಯಲ್ಲಿ ಕೊಂಡಿದ್ದಾಳೆ.

ಅಟ್ಟ ಹತ್ತುವಾಗ ಗಟ್ಟಿಯಾಗಿ ಎಣಿಸಿದಳು. ನಾನೂ ಕೆಳಗಿನಿಂದ ಎಣಿಸಿದೆ, ಪಕ್ಕದ ಗೋಡೆಯಿಂದ ಚಾರಿಂಗ್ ಎಣಿಸಿದಳು. ಚಿನ್ನ ಎನ್ನುವಾಗ ಮೂವರ ದನಿಯೂ ಒಟ್ಟಿಗೆ ಬಂತು. ಆಮೇಲೆ ಅವಳ ತಲೆ ಚಾವಣಿಗೆ ಬಡಿಯಿತು.

ಎದೆಯ ಮೇಲಿಂದ ಏನೋ ಇಳಿದ ಹಾಗಿದೆ. ಎಷ್ಟು ವರ್ಷದ್ದೋ, ಇಳಿದ ಮೇಲೆಯೇ ಅದರ ಭಾರ ಗೊತ್ತಾದದ್ದು. ಬರೆಯಲು ಬೇರೇನೂ ತೋಚುತ್ತಿಲ್ಲ. ಅಜ್ಜಿಯ ಫೋಟೋಗೆ ಗೋಡೆಯಲ್ಲಿ ಜಾಗ ಬೇಕಾಯಿತು, ಫೋರ್ಕನ್ನು ಚಾರಿಂಗ್‌ಗೆ ಕೊಟ್ಟೆವು.

ಸೆಪ್ಟೆಂಬರ್ 8, ಭಾನುವಾರ

ಒಂದು ವಾರ ಬರೆದಿಲ್ಲ. ಸಂಜೆ ಮಾತಿನಲ್ಲೇ ಹೋಗುತ್ತದೆ. ಆ ಹುಡುಗಿ ಮಾತಾಡುವುದನ್ನು ಎಲ್ಲಿ ಕಲಿತಳೋ, ಸೂಪರ್‌ವೈಸರ್ ನಡೆಯುವ ರೀತಿಯನ್ನು ಸೋಫಾದಿಂದ ಒಲೆಯವರೆಗೆ ನಡೆದು ತೋರಿಸುತ್ತಾಳೆ. ಮನೆ ಸಾಲದೆ ಅರ್ಧದಲ್ಲೇ ತಿರುಗಬೇಕು.

ಮಂಚ ಇನ್ನೂ ಹೊರಗೇ ಇದೆ. ಮಳೆಗಾಲ ಮುಗಿಯಲಿ, ಆಮೇಲೆ ನೋಡೋಣ. ಚಾರಿಂಗ್ ಅದನ್ನು ತನಗೆ ಕೊಡಿ, ಮೊಟ್ಟೆ ಟ್ರೇ ಇಡಲು ಬೇಕು ಎನ್ನುತ್ತಿದ್ದಾಳೆ. ಕೊಟ್ಟುಬಿಡಬಹುದು.

ಇಂದು ಊಟವಾದ ಮೇಲೆ ಇಬ್ಬರೂ ಒಟ್ಟಿಗೆ ಎದ್ದೆವು. ಈ ಮನೆಯಲ್ಲಿ ಇಬ್ಬರು ಒಟ್ಟಿಗೆ ಏಳಬಾರದು. ಅವಳ ಮೊಣಕೈ ನನ್ನ ಮೊಣಕೈಗೆ ತಾಗಿ ಕೈಯಲ್ಲಿದ್ದ ತಟ್ಟೆ ಜಾರಿತು. ಚಿನ್ನದ ಅಂಚಿನ ಒಂದು ಚೂರು ಹೋಗಿ ಅಕ್ಕಿ ಪೆಟ್ಟಿಗೆಯ ಕೆಳಗೆ ಸೇರಿತು. ಜೊನಾ ನನ್ನ ಮುಖವನ್ನೇ ನೋಡುತ್ತಿದ್ದಳು.

"ಪುಸ್ತಕದಲ್ಲಿ ಬರೀತೀಯಾ?" ಎಂದಳು.

"ಬರೀತೀನಿ ಮತ್ತೆ."

"ಯಾರು ಒಡೆದದ್ದು ಅಂತ ಬರೀತೀಯ?"

"ನೀನು ಅಂತ."

"ನಾನಲ್ಲ. ನೀನು."

ಇದೇ ವಾದ ಮಾಡುತ್ತಾ ಚೂರು ಗುಡಿಸಿದೆವು. ಅವಳೀಗ ಸೋಫಾದ ಮೇಲೆ ಕಾಲು ಮಡಿಸಿ ಕೂತು ಉಗುರು ಕತ್ತರಿಸಿಕೊಳ್ಳುತ್ತಿದ್ದಾಳೆ, ನಾನು ಅವಳ ಪಕ್ಕದಲ್ಲಿ ಕೂತು ಬರೆಯುತ್ತಿದ್ದೇನೆ. ಹೆಗಲ ಮೇಲಿಂದ ಇಣುಕಿ ಓದುತ್ತಾಳೆ, ಬೇಡವೆಂದರೆ ಕೇಳುವುದಿಲ್ಲ.

ಒಡೆದದ್ದು: ಚಿನ್ನದ ಅಂಚಿನ ತಟ್ಟೆ, ಒಂದು. ಉಳಿದದ್ದು ಹತ್ತು. ನಾವಿರುವುದು ಇಬ್ಬರು.